ಗೋಡೆ ಬೀಳಿಸೋದು ಮಣ್ಣಲ್ಲ ಸ್ವಾಮಿ, ನೀರು!

ಗುಡೇಮಾರನಹಳ್ಳಿ ಕಡೆ ಬಸ್ಸಿನಲ್ಲಿ ಓಡಾಡುವ ಓದುಗರೇ, ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಒಂದು ಸಲ ಹೊರಗೆ ಕಣ್ಣು ಹಾಯಿಸಿ. ಏರು ತಗ್ಗಿನ ಸೀಮೆ ನಮ್ಮದು. ರಾಗಿ ಹೊಲ ಇದ್ದ ಕಡೆ ಈಗ ಸೈಟು. ಮೇಲಿನ ಸೈಟು ಎದೆಮಟ್ಟ ಎತ್ತರ, ಕೆಳಗಿನ ಸೈಟು ಮೊಣಕಾಲು ತಗ್ಗು. ಇಬ್ಬರ ನಡುವೆ ಒಂದು ಗೋಡೆ. ಮೇಲಿನವರು ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ತುಂಬಿಸಿ ಸೈಟು ಸಪಾಟು ಮಾಡಿದ್ದಾರೆ. ಕೆಳಗಿನವರು ಅದೇ ಗೋಡೆಗೆ ಒರಗಿಸಿ ಬಚ್ಚಲು ಕಟ್ಟಿದ್ದಾರೆ, ಹಸು ಕಟ್ಟಿದ್ದಾರೆ, ಸ್ಕೂಟರು ನಿಲ್ಲಿಸಿದ್ದಾರೆ.

ಆ ಗೋಡೆಯ ಬುಡದಲ್ಲಿ ನೀರು ಬರೋಕೆ ತೂತು ಇದೆಯೇ? ಎಣಿಸಿ ನೋಡಿ. ಹತ್ತು ಗೋಡೆ ನೋಡಿದ ಮೇಲೆ ನೀವೇ ಸುಮ್ಮನಾಗ್ತೀರಿ.

ಊರವರನ್ನು ಬೈಯುವ ಮುಂಚೆ ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಇದ್ದ ತೂತು ಮುಚ್ಚಿದ ಪುಣ್ಯಾತ್ಮ ನಾನೇ.

ಸಿಮೆಂಟು ಕಲಸಿದ ಕೈ

ನಮ್ಮ ಮನೆ ಹಿಂದುಗಡೆ ಸೈಟು ಐದಡಿ ತಗ್ಗು. ಸಾಲಿಡ್ ಬ್ಲಾಕಿನ ಗೋಡೆ ಎಬ್ಬಿಸಿ ಮಣ್ಣು ತುಂಬಿಸಿದೆವು. ಕಟ್ಟಿದ ಮೇಸ್ತ್ರಿ ವಯಸ್ಸಾದವರು. ನಾನು ಕೇಳದೆ ಇದ್ದರೂ ಬುಡದಲ್ಲಿ ಐದಾರು ಪೈಪಿನ ತುಂಡು ಇಟ್ಟರು. ‘ಇದ್ಯಾಕೆ?’ ಅಂದೆ. ‘ನೀರ್ಗೆ ದಾರಿ ಬುಡಿ ಸ್ವಾಮಿ. ನೀವು ಬುಡದೆ ಇದ್ರೆ ಅದೇ ಮಾಡ್ಕೊಂತದೆ’ ಅಂದರು.

ಮೊದಲ ಮಳೆಗಾಲ ಪೈಪಿನಿಂದ ಕೆಂಪು ನೀರು ತೊಟ್ಟಿಕ್ಕಿತು. ಕೆಳಗಿನ ಮನೆಯ ದೊಡ್ಡವ್ವನ ಅಂಗಳ ಕೆಸರಾಯಿತು. ದೊಡ್ಡವ್ವ ಬಾಯಿ ಮಾಡಿದರು. ನ್ಯಾಯವೇ. ಸಾರಿಸಿ ರಂಗೋಲಿ ಬಿಡೋ ಅಂಗಳಕ್ಕೆ ನಮ್ಮ ಮನೆ ನೀರು ಯಾಕೆ ಬರಬೇಕು? ನಾನೇನು ಮಾಡಬೇಕಿತ್ತು? ಗೋಡೆ ಬುಡಕ್ಕೆ ಒಂದು ಸಣ್ಣ ಚರಂಡಿ ತೆಗೆದು ರಸ್ತೆ ಮೋರಿಗೆ ಸೇರಿಸಬೇಕಿತ್ತು. ಅರ್ಧ ದಿನದ ಕೆಲಸ. ಅದು ಬಿಟ್ಟು ಒಂದು ಬಾಂಡ್ಲಿ ಸಿಮೆಂಟು ಕಲಸಿ ಅಷ್ಟೂ ಪೈಪಿನ ಬಾಯಿ ಮೆತ್ತಿಬಿಟ್ಟೆ. ಜಗಳ ತೀರಿತು ಅಂದುಕೊಂಡೆ.

ಮಾರನೆ ವರ್ಷದ ಹಸ್ತ ಮಳೆ. ಮೂರು ದಿನ ಬಿಡದೆ ಹೊಡೆಯಿತು. ಗೋಡೆ ನಡುವಲ್ಲಿ ಸ್ವಲ್ಪ ಹೊಟ್ಟೆ ಬಿಟ್ಟಿದ್ದು ಕಣ್ಣಿಗೆ ಬಿದ್ದಿತ್ತು. ‘ಮಳೆ ಹೋಗಲಿ, ನೋಡೋಣ’ ಅಂದುಕೊಂಡೆ. ನಾಲ್ಕನೇ ದಿನ ಬೆಳಗಿನ ಜಾವ ಧಡ್ ಅಂತ ಒಂದೇ ಸದ್ದು. ಇಪ್ಪತ್ತಡಿ ಗೋಡೆ ದೊಡ್ಡವ್ವನ ಬಚ್ಚಲ ಮೇಲೆ ಮಲಗಿತ್ತು. ಹಂಡೆ ಚಪ್ಪಟೆ. ದಿನಾ ಅದೇ ಹೊತ್ತಿಗೆ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಒಲೆ ಊದೋ ಮುದುಕಿ, ಅವತ್ತು ಸೌದೆ ನೆನೆದಿದೆ ಅಂತ ಒಣ ಪುಳ್ಳೆ ತರೋಕೆ ಒಳಗೆ ಹೋಗಿದ್ದರು. ಉಳಿದದ್ದು ಅಷ್ಟಕ್ಕೆ.

ಆಮೇಲೆ ದೊಡ್ಡವ್ವ ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ನೀರು ಬಂದಾಗ ಬೈದೆ ಕಣಪ್ಪ. ಗೋಡೆ ಬಂದಾಗ ಬೈಯೋಕೂ ಬಾಯಿ ಬರ್ಲಿಲ್ಲ.’

ಎಲ್ಲರಿಗೂ ಪುಳ್ಳೆ ಸಿಗೋಲ್ಲ

ನಮ್ಮಲ್ಲಿ ಹಂಡೆ ಹೋಯಿತು, ಜೀವ ಉಳಿಯಿತು. ಎಲ್ಲ ಕಡೆ ಹಾಗಾಗಿಲ್ಲ.

2024ರ ಜೂನ್ 26. ಮಂಗಳೂರಿನ ಹತ್ತಿರ ಉಳ್ಳಾಲ ಕಡೆಯ ಮುನ್ನೂರು ಗ್ರಾಮ, ಕುತ್ತಾರಿನ ಮದನಿನಗರ. ಸುರಿವ ಮಳೆಯಲ್ಲಿ ಬೆಳಗಿನ ಹೊತ್ತು ಪಕ್ಕದ ಮನೆಯ ಆವರಣದ ಗೋಡೆ ಕುಸಿದು ಕೆಳಗಿನ ಮನೆ ಮೇಲೆ ಬಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಂದೇ ಮನೆಯ ನಾಲ್ಕು ಹೆಣ.

ಗಡಿಯಾಚೆ ನೋಡಿ. 2019ರ ಡಿಸೆಂಬರ್ 2. ಕೊಯಮತ್ತೂರು ಜಿಲ್ಲೆ ಮೆಟ್ಟುಪಾಳ್ಯದ ಹತ್ತಿರ ನಡೂರು. ಪಕ್ಕದ ದೊಡ್ಡ ಮನೆಯ ಎತ್ತರದ ಕಲ್ಲುಗೋಡೆ ಮಳೆಗೆ ಕುಸಿದು ಬಡವರ ಸಾಲುಮನೆಗಳ ಮೇಲೆ ಬಿತ್ತು. ಸತ್ತವರು 17 ಜನ. ಅದೇ ವರ್ಷ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ವಸತಿ ಸಮುಚ್ಚಯದ ಗೋಡೆ ಕೂಲಿಯವರ ಗುಡಿಸಲುಗಳ ಮೇಲೆ ಬಿದ್ದು 15 ಜನ ಹೋದರು. ಮೂರೇ ದಿನ ಕಳೆದು ಜುಲೈ 2ರಂದು ಮುಂಬಯಿಯ ಮಲಾಡಿನಲ್ಲಿ ಮತ್ತೊಂದು ಗೋಡೆ. ಅದು ಕಟ್ಟಿ ಬಹಳ ವರ್ಷ ಆಗಿರಲಿಲ್ಲ. ಗೋಡೆ ಹಿಂದೆ ಮಳೆ ನೀರು ಮಡುಗಟ್ಟಿತ್ತು. ಮುವ್ವತ್ತರ ಹತ್ತಿರ ಜನ ಸತ್ತರು.

ಊರು ಬೇರೆ, ಭಾಷೆ ಬೇರೆ. ಕಥೆ ಮಾತ್ರ ಒಂದೇ. ಮಳೆ. ಕತ್ತಲು, ಇಲ್ಲ ಬೆಳಗಿನ ಜಾವ. ಜನ ಮಲಗಿರುವ ಹೊತ್ತು. ಗೋಡೆ ಕಟ್ಟಿಸಿದವರು ಮೇಲೆ, ಸತ್ತವರು ಕೆಳಗೆ.

ಗೋಡೆ ಯಾವಾಗಲೂ ಕೆಳಗಿನವರ ಮೇಲೇ ಬೀಳುತ್ತದೆ ಸ್ವಾಮಿ. ಮೇಲಿನವರ ಮೇಲೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಗೋಡೆಗೂ ತೂತು ಇರುತ್ತಿತ್ತು!

ಬಡವರ ಗೋಡೆ ಮಾತ್ರ ಬೀಳುತ್ತೆ ಅಂತಲ್ಲ. ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಕೆಳಗೆ, ಮಂಗಳೂರು ಹೆದ್ದಾರಿ ಪಕ್ಕ, ಕೋಟಿಗಟ್ಟಲೆ ಹಣ ಸುರಿದು ಎಬ್ಬಿಸಿದ ತಡೆಗೋಡೆಯೇ 2022ರ ಜುಲೈ ಮಳೆಗೆ ಹೊಟ್ಟೆ ಬಿಟ್ಟಿತು. ಬುಡಕ್ಕೆ ಮರಳು ಚೀಲ ಒಡ್ಡಬೇಕಾಯಿತು, ವಾಹನಗಳ ದಾರಿ ಬದಲಿಸಬೇಕಾಯಿತು. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ನಂದಿ ಕಡೆಗೆ ಹೋಗುವ ರಸ್ತೆ ಅಂಚು 2021ರ ಮಳೆಗಾಲದ ಕೊನೆಯಲ್ಲಿ ಮತ್ತೆ ಮತ್ತೆ ಜಾರಿತು. ಸರ್ಕಾರದ ಗೋಡೆ ಆಗಲಿ, ಸಾಹುಕಾರರ ಗೋಡೆ ಆಗಲಿ, ನೀರಿಗೆ ಭೇದವಿಲ್ಲ.

‘ಅದೆಲ್ಲ ಮಲೆನಾಡು, ಕರಾವಳಿ, ಬೆಟ್ಟದ ಮೇಲಿನ ಮಾತು. ನಮ್ಮ ಬಯಲುಸೀಮೆಯಲ್ಲಿ ಅಂಥ ಮಳೆ ಎಲ್ಲಿ?’ ಅನ್ನೋರು ಇದ್ದಾರೆ. 2022ರ ಆಗಸ್ಟ್ ಕೊನೆ ವಾರ ಮರೆತುಹೋಯಿತೇ? ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿ ಬಸ್ಸು ಕಾರು ನಿಂತಲ್ಲೇ ನಿಂತವು. ನಮ್ಮ ಕಡೆ ಮಳೆ ದಿನಾ ಬರೋಲ್ಲ, ನಿಜ. ಬಂದಾಗ ಒಂದೇ ರಾತ್ರಿ ಒಂದು ತಿಂಗಳ ಲೆಕ್ಕ ಚುಕ್ತಾ ಮಾಡಿ ಹೋಗುತ್ತೆ.

ಪಿಯುಸಿ ಬಿಟ್ಟವನ ಲೆಕ್ಕ

ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಫಿಸಿಕ್ಸು ನನಗೂ ನನ್ನ ಮೇಷ್ಟ್ರಿಗೂ ತಲೆನೋವಾಗಿತ್ತು. ಆದರೂ ಈ ಲೆಕ್ಕ ಅಂಗಡಿಯ ಚೀಟಿ ಹಿಂದೆ ಮಾಡಬಹುದು. ಮಾಡಿ ನೋಡೋಣ.

ಒಂದು ಘನ ಅಡಿ ನೀರು ಹತ್ತಿರ ಹತ್ತಿರ 28 ಕಿಲೋ. ಗೋಡೆ 6 ಅಡಿ ಎತ್ತರ ಇದೆ, ಹಿಂದೆ ಮಣ್ಣಿನ ಸಂದಿಯೆಲ್ಲ ನೀರು ತುಂಬಿದೆ ಅಂದುಕೊಳ್ಳಿ. ಬುಡದಲ್ಲಿ ಒಂದು ಚದರ ಅಡಿ ಮೇಲೆ ಆರು ಇಪ್ಪತ್ತೆಂಟಲೆ 168 ಕಿಲೋ ಒತ್ತಡ. ತಲೆಯಲ್ಲಿ ಸೊನ್ನೆ. ಸರಾಸರಿ 84. ಆರು ಅಡಿ ಎತ್ತರಕ್ಕೆ ಗುಣಿಸಿದರೆ ಗೋಡೆಯ ಪ್ರತಿ ಒಂದಡಿ ಉದ್ದಕ್ಕೆ ಸುಮಾರು 500 ಕಿಲೋ. ನಿಮ್ಮದು 30–40 ಸೈಟು, ಹಿಂಭಾಗದ ಗೋಡೆ 30 ಅಡಿ. ಅಲ್ಲಿಗೆ ನೀರೊಂದೇ 15 ಟನ್ ತಳ್ಳುತ್ತೆ.

ಒಣಗಿದ ಗರಸು ಮಣ್ಣು ಎಷ್ಟು ತಳ್ಳುತ್ತೆ ಗೊತ್ತೇ? ಇಂಜಿನಿಯರುಗಳ ಲೆಕ್ಕದಲ್ಲಿ ಅದೇ ಗೋಡೆಗೆ 9 ಟನ್ ಆಸುಪಾಸು. ಮಣ್ಣಿನ ಕಣ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತೆ. ತನ್ನ ಭಾರವನ್ನು ತಾನೇ ಅಷ್ಟಿಷ್ಟು ಹೊತ್ತುಕೊಳ್ಳುತ್ತೆ. ನೀರಿಗೆ ಆ ಬುದ್ಧಿ ಇಲ್ಲ. ಅದು ಸಿಕ್ಕ ಕಡೆಗೆಲ್ಲ ಪೂರ್ತಿ ಭಾರ ಹೇರುತ್ತೆ.

ನೀರು ತುಂಬಿದಾಗ ಮಣ್ಣು ತೇಲಿದಂತಾಗಿ ಅದರ ನೂಕು ಸ್ವಲ್ಪ ಕಡಿಮೆ ಆಗುತ್ತೆ. ಆ ಸ್ವಲ್ಪವನ್ನು ಕಳೆದು, ನೀರಿನ 15 ಟನ್ ಸೇರಿಸಿ. ಒಟ್ಟು 20 ಟನ್. ಒಣ ದಿನ 9 ಟನ್ ಹೊತ್ತಿದ್ದ ಗೋಡೆ ಮಳೆ ರಾತ್ರಿ 20 ಟನ್ ಹೊರಬೇಕು. ಎರಡು ಪಟ್ಟಿಗೂ ಜಾಸ್ತಿ. ಸಾಲದ್ದಕ್ಕೆ ಬುಡದ ಮಣ್ಣು ನೆನೆದು ಮೆತ್ತಗಾಗಿರುತ್ತೆ. ಕಾಲು ಜಾರೋ ಕಡೆ ನಿಲ್ಲಿಸಿ ತಲೆ ಮೇಲೆ ಎರಡು ಮೂಟೆ ಹೊರಿಸಿದ ಹಾಗೆ.

ಇನ್ನೊಂದು ಮಾತು. ಗೋಡೆ ಎತ್ತರ ಎರಡು ಪಟ್ಟು ಮಾಡಿದರೆ ನೂಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬುಡ ಕಿತ್ತು ಮಗುಚುವ ಬಲ ಎಂಟು ಪಟ್ಟು. ‘ಇನ್ನೆರಡು ವರಸೆ ಏರಿಸಿಬಿಡಿ ಮೇಸ್ತ್ರಿ’ ಅನ್ನೋ ಮುಂಚೆ ಇದು ನೆನಪಿರಲಿ.

ಮಳೆ ನಿಂತ ಮೇಲೆ ಗೋಡೆ ಬೀಳೋದೇಕೆ ಅಂತ ಕೆಲವರು ಕೇಳ್ತಾರೆ. ಮೇಲೆ ಬಿದ್ದ ನೀರು ಮಣ್ಣಿನೊಳಗೆ ಇಳಿದು ಗೋಡೆ ಹಿಂದೆ ಬಂದು ಕೂಡೋಕೆ ಹೊತ್ತು ಬೇಕು. ಬಿಸಿಲು ಬಂತು, ಗಂಡಾಂತರ ಕಳೀತು ಅಂತ ನಾವು ಒಳಗೆ ಹೋಗಿ ಮಲಗ್ತೀವಿ. ಗೋಡೆ ಹಿಂದೆ ನೀರಿನ್ನೂ ಏರುತ್ತಲೇ ಇರುತ್ತೆ.

ಅಜ್ಜಂದಿರಿಗೆ ಗೊತ್ತಿತ್ತು

ನಮ್ಮ ಹಿರಿಯರು ಫಿಸಿಕ್ಸು ಓದಿರಲಿಲ್ಲ. ಆದರೂ ತೂಬು ಕೋಡಿ ಇಲ್ಲದ ಕೆರೆ ಕಟ್ಟಲಿಲ್ಲ. ಏರಿ ಎಷ್ಟೇ ದಪ್ಪ ಇರಲಿ, ಜಾಸ್ತಿ ನೀರು ಹೋಗೋಕೆ ಕೋಡಿ ಇಲ್ಲದಿದ್ದರೆ ಒಂದು ಮಳೆಗೆ ಏರಿ ಒಡೆಯುತ್ತೆ ಅಂತ ನೀರುಗಂಟಿಗೆ ಗೊತ್ತಿತ್ತು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ನೋಡಿದವರಿಗೆ ಅಲ್ಲಿನ ಸೈಫನ್ ಗೊತ್ತು. ನೀರು ಮಟ್ಟ ಮೀರಿದರೆ ಯಾರೂ ಬಾಗಿಲು ಎತ್ತಬೇಕಿಲ್ಲ, ತಾನಾಗಿ ಹೊರಗೆ ಹೋಗುತ್ತೆ. ಶಿಂಷಾ ನದಿಯನ್ನು ತಡೆದವರೂ ನೀರಿಗೆ ದಾರಿ ಇಟ್ಟೇ ತಡೆದರು. ನಾವು 30–40 ಸೈಟಿನವರು, ದಾರಿ ಇಡದೆ ತಡೀತೀವಿ ಅಂತ ಹೊರಟಿದ್ದೀವಿ!

ಹಳೇ ಕಾಲದ ಕಲ್ಲುಕಟ್ಟಡ ನೋಡಿ. ಹೊಲದ ಬದು, ಬಾವಿಯ ಮೇಲ್ಕಟ್ಟು, ದೇವಸ್ಥಾನದ ಹಿಂದಿನ ಒಡ್ಡು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ, ಸಂದಿಗೆ ಚಕ್ಕೆ ಬಡಿದು, ಹಿಂದಕ್ಕೆ ಸ್ವಲ್ಪ ಒರಗಿಸಿ ಕಟ್ಟಿದ್ದು. ಅದಕ್ಕೆ ಬೇರೆ ತೂತು ಬೇಕಿರಲಿಲ್ಲ. ಇಡೀ ಗೋಡೆಯೇ ತೂತು. ಮಳೆ ಬಂದರೆ ಮೈಯೆಲ್ಲ ಬೆವರಿದ ಹಾಗೆ ನೀರು ಬಿಟ್ಟು, ಬಿಸಿಲಿಗೆ ಒಣಗಿ, ತಲೆಮಾರುಗಟ್ಟಲೆ ನಿಂತಿತು.

ಆಮೇಲೆ ನಮ್ಮ ಕಾಲ ಬಂತು. ‘ಹಳೇ ಗೋಡೆ ಚೆನ್ನಾಗಿ ಕಾಣೋಲ್ಲ’ ಅಂತ ಸಂದಿಗೆಲ್ಲ ಸಿಮೆಂಟ್ ಪಾಯಿಂಟಿಂಗ್ ಹೊಡೆಸಿದೆವು. ಕೆಲವರು ಪ್ಲಾಸ್ಟರ್ ಮಾಡಿ ಬಣ್ಣವನ್ನೂ ಬಳಿಸಿದರು. ಗಟ್ಟಿ ಮಾಡಿದೆವು ಅಂದುಕೊಂಡೆವು. ಮೂಗು ಬಾಯಿ ಮುಚ್ಚಿದೆವು. ನಿಮ್ಮ ಮನೆಯಲ್ಲಿ ಹಳೇ ಕಲ್ಲಿನ ತಡೆಗೋಡೆ ಇದ್ದರೆ ದಯವಿಟ್ಟು ಬುಡದ ಸಂದಿಗಳಿಗೆ ಸಿಮೆಂಟು ಮೆತ್ತಬೇಡಿ.

ಕಾಂಪೌಂಡು ಬೇರೆ, ತಡೆಗೋಡೆ ಬೇರೆ

ಇನ್ನೊಂದು ದೊಡ್ಡ ಮೋಸ ಇಲ್ಲಿದೆ. ಕಾಂಪೌಂಡ್ ಗೋಡೆ ಅಂದರೆ ಎರಡೂ ಕಡೆ ನೆಲ ಒಂದೇ ಮಟ್ಟ ಇರಬೇಕು. ನಾಯಿ, ಮೇಕೆ, ಕಳ್ಳರನ್ನು ತಡೆಯೋಕೆ ಅದು. ಗಾಳಿ ಬಿಟ್ಟರೆ ಅದಕ್ಕೆ ಬೇರೆ ನೂಕು ಇಲ್ಲ. ಆರು ಇಂಚು ಬ್ಲಾಕು ಸಾಕು. ತಡೆಗೋಡೆ ಹಾಗಲ್ಲ. ಅದರ ಒಂದು ಮಗ್ಗುಲಿಗೆ ಹಗಲೂ ರಾತ್ರಿ ಮಣ್ಣು ಒರಗಿರುತ್ತೆ.

ಆಗೋದೇನು? ಮೊದಲು ಕಾಂಪೌಂಡು ಕಟ್ಟುತ್ತಾರೆ. ಎರಡು ವರ್ಷ ಬಿಟ್ಟು ಅಂಗಳ ಎತ್ತರಿಸಬೇಕು ಅನ್ನಿಸುತ್ತೆ. ಅದೇ ಆರಿಂಚಿನ ಗೋಡೆಗೆ ನಾಲ್ಕಡಿ ಮಣ್ಣು ಸುರಿಯುತ್ತಾರೆ. ಕಾಂಪೌಂಡು ರಾತ್ರೋರಾತ್ರಿ ತಡೆಗೋಡೆ ಆಯಿತು. ಗೋಡೆಗೆ ಮಾತ್ರ ಯಾರೂ ಹೇಳಲಿಲ್ಲ!

ಸೈಜು ಕಲ್ಲಿನ ತಡೆಗೋಡೆ ತನ್ನ ಭಾರದಿಂದಲೇ ನಿಲ್ಲಬೇಕು. ಎತ್ತರದ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಬುಡದ ಅಗಲ ಬೇಕು. ಆರಡಿ ಗೋಡೆಗೆ ಮೂರರಿಂದ ನಾಲ್ಕಡಿ ಬುಡ. ಮೇಲೆ ಹೋದ ಹಾಗೆ ಸಣ್ಣಗಾಗಬಹುದು. ಆಳೆತ್ತರ ಮೀರಿದರೆ, ಇಲ್ಲವೆ ಗೋಡೆ ತಲೆ ಹತ್ತಿರವೇ ಮನೆ ಪಾಯ ಬರುವ ಹಾಗಿದ್ದರೆ, ಮೇಸ್ತ್ರಿ ಅಂದಾಜು ಸಾಲದು. ಇಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸಿ ಕಬ್ಬಿಣ ಕಟ್ಟಿಸಬೇಕು. ಗುಡ್ಡಗಾಡಿನ ತಡೆಗೋಡೆ ಹೇಗಿರಬೇಕು ಅಂತ ಭಾರತೀಯ ಮಾನಕ ಸಂಸ್ಥೆಯವರು ಐ.ಎಸ್. 14458 ಅನ್ನೋ ನಂಬರಿನಲ್ಲಿ ಪುಸ್ತಕವನ್ನೇ ತಂದಿದ್ದಾರೆ. ಇಂಜಿನಿಯರನ್ನು ‘ಅದು ನೋಡಿದ್ದೀರಾ ಸಾರ್?’ ಅಂತ ಕೇಳಿ. ತಪ್ಪೇನಿಲ್ಲ.

ನೀರಿಗೆ ದಾರಿ ಬಿಡೋದು ಹೇಗೆ?

ಕೇಳಿ. ಇದೇನು ಬ್ರಹ್ಮವಿದ್ಯೆ ಅಲ್ಲ. ನಾಲ್ಕು ಕೆಲಸ.

ಒಂದು. ಗೋಡೆಯಲ್ಲಿ ತೂತು. ಇಂಜಿನಿಯರುಗಳು ವೀಪ್ ಹೋಲ್ ಅನ್ನುತ್ತಾರೆ. ಮೂರು ಇಲ್ಲ ನಾಲ್ಕು ಇಂಚಿನ ಪಿವಿಸಿ ಪೈಪು, ಐದೈದು ಅಡಿಗೆ ಒಂದು. ಮೊದಲ ಸಾಲು ಕೆಳಗಿನ ನೆಲದಿಂದ ಅರ್ಧ ಅಡಿ ಮೇಲೆ. ಗೋಡೆ ಎತ್ತರ ಇದ್ದರೆ ನಾಲ್ಕೈದು ಅಡಿ ಮೇಲೆ ಎರಡನೇ ಸಾಲು, ಕೆಳಗಿನ ಎರಡು ತೂತಿನ ನಡುವೆ ಬರುವ ಹಾಗೆ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಒಳಗಡೆಗೆ ವಾಲಿದರೆ ಇಟ್ಟೂ ದಂಡ.

ಎರಡು. ತೂತು ಇಟ್ಟು ಅದರ ಹಿಂದೆ ನೇರ ಮಣ್ಣು ಸುರಿದರೆ ಎರಡೇ ಮಳೆಗೆ ಕಟ್ಟಿಕೊಳ್ಳುತ್ತೆ. ಆದ್ದರಿಂದ ಗೋಡೆ ಬೆನ್ನಿಗೆ ಒಂದಡಿ ದಪ್ಪ ದಪ್ಪಜಲ್ಲಿ ತುಂಬಬೇಕು. 40 ಎಂಎಂ ಜಲ್ಲಿ ಆದೀತು. ಪುಡಿ ಇರಬಾರದು. ಬುಡದಿಂದ ಶುರು ಮಾಡಿ ತಲೆಗೆ ಒಂದಡಿ ಬಿಟ್ಟು ನಿಲ್ಲಿಸಿ. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಸೋಸುವ ಬಟ್ಟೆ ಹಾಕಬೇಕು. ಜಿಯೋ ಟೆಕ್ಸ್‌ಟೈಲ್ ಅಂತ ಕೇಳಿದರೆ ಕೊಡುತ್ತಾರೆ. ಮನೆಯಲ್ಲಿ ಕಾಫಿ ಸೋಸೋದಿಲ್ಲವೇ, ಹಾಗೇ. ನೀರು ಬರಲಿ, ಗಸಿ ಅಲ್ಲೇ ಉಳಿಯಲಿ. ಪ್ಲಾಸ್ಟಿಕ್ ಹಾಳೆ ಹಾಕಬೇಡಿ, ಅದು ನೀರನ್ನೇ ತಡೆಯುತ್ತೆ.

ಮೂರು. ಗೋಡೆ ಹಿಂದೆ ಬುಡದಲ್ಲಿ, ಜಲ್ಲಿಯೊಳಗೆ, ತೂತು ಕೊರೆದ ನಾಲ್ಕಿಂಚಿನ ಪೈಪು ಉದ್ದಕ್ಕೆ ಮಲಗಿಸಿ. ತೂತು ಕೆಳಮುಖ ಇರಲಿ. ನೂರು ಅಡಿಗೆ ಒಂದಡಿ ಇಳಿಜಾರು ಕೊಟ್ಟು ಒಂದು ತುದಿಯನ್ನು ಮೋರಿಗೆ ಸೇರಿಸಿ. ಕೆಳಗಿನ ಮನೆಯವರ ಅಂಗಳಕ್ಕೆ ನೀರು ಹೋಗಬಾರದು ಅಂತಿದ್ದರೆ ಇದೇ ಉತ್ತಮ ಉಪಾಯ. ಇನ್ನೊಂದು ತುದಿಯನ್ನು ಮೇಲಕ್ಕೆ ತಂದು ಮುಚ್ಚಳ ಹಾಕಿಟ್ಟರೆ ವರ್ಷಕ್ಕೊಮ್ಮೆ ನೀರು ಬಿಟ್ಟು ತೊಳೆಯಬಹುದು.

ನಾಲ್ಕು. ನೀರು ಹಿಂದಕ್ಕೆ ಬರದಂತೆ ಮೊದಲೇ ತಡೆಯಿರಿ. ಗೋಡೆ ತಲೆ ಹತ್ತಿರ ಕೊನೆಯ ಒಂದಡಿ ಜೇಡಿಮಣ್ಣು ಕುಟ್ಟಿ, ಗೋಡೆ ಕಡೆಯಿಂದ ಆಚೆಗೆ ಇಳಿಜಾರು ಮಾಡಿ, ಅಲ್ಲೊಂದು ಸಣ್ಣ ಚರಂಡಿ ತೆಗೆಯಿರಿ. ತಾರಸಿ ನೀರಿನ ಪೈಪು ಗೋಡೆ ಹಿಂದೆ ಬಿಡಲೇಬಾರದು. ಇಂಗುಗುಂಡಿ, ಕಕ್ಕಸಿನ ಗುಂಡಿ, ಸೋರುವ ಸಂಪು, ಬಟ್ಟೆ ಒಗೆಯೋ ಕಲ್ಲು ಯಾವುದೂ ಗೋಡೆ ಮಗ್ಗುಲಿಗೆ ಬೇಡ. ಮಳೆ ಇಲ್ಲದ ದಿನವೂ ಇವು ಮಣ್ಣು ನೆನೆಸುತ್ತಲೇ ಇರುತ್ತವೆ. ತುಂಬುವ ಮಣ್ಣು ಗರಸು ಆಗಿರಲಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತೆ, ಅದು ಬೇಡ. ಅರ್ಧರ್ಧ ಅಡಿ ಹಾಕಿ ದಮ್ಮಸ್ ಮಾಡಿಸಿ. ಒಂದೇ ಸಲಕ್ಕೆ ಜೆಸಿಬಿಯಲ್ಲಿ ಗೋಡೆಗೆ ಒತ್ತರಿಸಿದರೆ ಮಳೆ ಬರೋ ಮುಂಚೆಯೇ ಗೋಡೆ ಸೊಂಟ ಮುರಿಯುತ್ತೆ.

ಖರ್ಚು? 30 ಅಡಿ ಉದ್ದ, 6 ಅಡಿ ಎತ್ತರದ ಗೋಡೆಗೆ ಎರಡು ಸಾಲು ಸೇರಿ ಹನ್ನೆರಡು ತೂತು. ಒಂದೊಂದಕ್ಕೆ ಎರಡಡಿ ಅಂದರೂ 24 ಅಡಿ ಪೈಪು. ಜಲ್ಲಿ 150ರಿಂದ 165 ಘನ ಅಡಿ, ಅಂದರೆ ಟ್ರ್ಯಾಕ್ಟರಿನಲ್ಲಿ ಎರಡು ಲೋಡು. ಮನೆ ಮುಂದಿನ ಗೇಟಿಗೆ ಕೊಟ್ಟ ದುಡ್ಡನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಇದು ಅದರ ಹತ್ತಿರಕ್ಕೂ ಬರೋಲ್ಲ. ಆದರೆ ಗೇಟನ್ನು ನೆಂಟರು ನೋಡ್ತಾರೆ. ಜಲ್ಲಿ ಮಣ್ಣೊಳಗೆ ಹೋಗುತ್ತೆ. ಯಾರೂ ಹೊಗಳೋಲ್ಲ. ತೊಂದರೆ ಇರೋದೇ ಇಲ್ಲಿ.

ಕೆಳಗಿನವರ ನ್ಯಾಯ

ಮೇಲಿನ ನೆಲದ ಮೇಲೆ ಬಿದ್ದ ನೀರು ತಾನಾಗಿ ತಗ್ಗಿಗೆ ಹರಿಯೋದನ್ನು ತಗ್ಗಿನವರು ಬಿಡಬೇಕು ಅಂತ 1882ರ ಈಸ್‌ಮೆಂಟ್ ಕಾಯಿದೆ ಉದಾಹರಣೆ ಕೊಟ್ಟು ಹೇಳುತ್ತೆ. ಅದೇ ಕಾಯಿದೆ ಇನ್ನೊಂದನ್ನೂ ಹೇಳುತ್ತೆ: ಪಕ್ಕದ ನೆಲ ನಿಮ್ಮ ನೆಲಕ್ಕೆ ಸ್ವಾಭಾವಿಕವಾಗಿ ಕೊಡುತ್ತಿದ್ದ ಆಸರೆ ನಿಮ್ಮ ಹಕ್ಕು. ಅಂದರೆ ಕೆಳಗಿನವರು ತಮ್ಮ ಸೈಟು ಅಗೆದು ಮೇಲಿನವರ ಮಣ್ಣು ಜಾರಿಸುವ ಹಾಗಿಲ್ಲ.

ಹಾಗಂತ ಮೇಲಿನವರು ಹನ್ನೆರಡು ಪೈಪು ಇಟ್ಟು ಪಕ್ಕದ ಮನೆ ಅಡುಗೆಮನೆ ಕಿಟಕಿಗೆ ನೀರು ಬಿಡಿ ಅಂತ ಯಾವ ಕಾನೂನೂ ಹೇಳಿಲ್ಲ. ತಾನಾಗಿ ಹರಿಯೋದು ಬೇರೆ, ಕೂಡಿಸಿ ಸುರಿಯೋದು ಬೇರೆ. ಗೋಡೆ ಬುಡದಲ್ಲಿ ಒಂದು ಚರಂಡಿ ತೆಗೆದರೆ ಇಬ್ಬರಿಗೂ ನೆಮ್ಮದಿ. ಅರ್ಧ ಅಡಿ ಜಾಗ ಬಿಟ್ಟುಕೊಡೋಕೆ ಮನಸ್ಸು ಬೇಕು, ಅಷ್ಟೇ. ಆ ಅರ್ಧ ಅಡಿಗೆ ಕೋರ್ಟಿಗೆ ಹೋಗೋ ಬದಲು ಗೋಡೆ ಕಟ್ಟೋ ಮುಂಚೆ ಇಬ್ಬರೂ ಕೂತು ಒಂದು ಲೋಟ ಕಾಫಿ ಕುಡಿದರೆ ಆಯ್ತು.

ಪಂಚಾಯ್ತಿಗಳಿಗೂ ಒಂದು ಮಾತು. 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಕಲಮಿನಂತೆ ಹಳ್ಳಿಯಲ್ಲಿ ಮನೆ ಕಟ್ಟೋಕೆ ಗ್ರಾಮ ಪಂಚಾಯ್ತಿ ಅನುಮತಿ ಬೇಕು. ನಕ್ಷೆಯಲ್ಲಿ ಬಾಗಿಲೆಲ್ಲಿ, ಕಿಟಕಿಯೆಲ್ಲಿ ಅಂತ ನೋಡುವವರು, ಅಕ್ಕಪಕ್ಕದ ನೆಲದ ಮಟ್ಟ ಎಷ್ಟು, ನಡುವಿನ ಗೋಡೆಯ ನೀರೆಲ್ಲಿಗೆ ಅಂತ ಇನ್ನೊಂದು ಪ್ರಶ್ನೆ ಕೇಳಿದರೆ ಗಂಟೇನು ಹೋಗುತ್ತೆ? ಹೊಸ ಬಡಾವಣೆ ಮಾಡುವವರು ರಸ್ತೆಗೆ ಮೋರಿ ಕೊಡದೆ ಸೈಟು ಮಾರಿದರೆ ನೀರು ಕೊನೆಗೆ ಹೋಗೋದು ತಗ್ಗಿನ ಮನೆಗೇ.

ಇವತ್ತೇ ನೋಡಿ

ಇವತ್ತು ಮನೆಗೆ ಹೋದ ಮೇಲೆ ಬ್ಯಾಟರಿ ಹಿಡಿದು ನಿಮ್ಮ ಗೋಡೆ ಮುಂದೆ ಐದು ನಿಮಿಷ ನಿಲ್ಲಿ. ನಡುವಲ್ಲಿ ಹೊಟ್ಟೆ ಬಿಟ್ಟಿದೆಯೇ? ತೂಗುಗುಂಡು ಇಳಿಬಿಟ್ಟರೆ ತಲೆ ಮುಂದಕ್ಕೆ ಬಂದಿದೆಯೇ? ಅಡ್ಡಡ್ಡ ಬಿರುಕು ಇದೆಯೇ? ಮೇಲೆ ಗೋಡೆಗೂ ಮಣ್ಣಿಗೂ ನಡುವೆ ಬೆರಳು ಹೋಗುವಷ್ಟು ಸಂದಿ ಬಿದ್ದಿದೆಯೇ? ಮೈಮೇಲೆ ಬಿಳಿ ಉಪ್ಪು ಹೂತಿದೆಯೇ? ಮಳೆಯಲ್ಲಿ ಮೊದಲೆಲ್ಲ ನೀರು ಬಿಡುತ್ತಿದ್ದ ತೂತು ಈಗ ಒಣಗಿ ಕೂತಿದೆಯೇ? ಇಲ್ಲ, ನೀರಿನ ಜತೆ ಮಣ್ಣೇ ಕೊಚ್ಚಿಕೊಂಡು ಬರುತ್ತಿದೆಯೇ? ಒಂದು ಇದ್ದರೂ ಉದಾಸೀನ ಬೇಡ.

ಬೇಸಿಗೆ ಆದರೆ ಮೇಸ್ತ್ರಿಯನ್ನೋ ಇಂಜಿನಿಯರನ್ನೋ ಕರೆಸಿ. ಕಟ್ಟಿಕೊಂಡ ತೂತನ್ನು ಕಂಬಿ ಹಾಕಿ ಬಿಡಿಸಿ. ಗೋಡೆ ನೆಟ್ಟಗೆ ಗಟ್ಟಿಯಾಗಿದ್ದರೆ ಹೊಸ ತೂತು ಕೊರೆಸಲೂಬಹುದು.

ಮಳೆ ಬರುತ್ತಿದೆ, ಗೋಡೆ ಆಗಲೇ ಹೊಟ್ಟೆ ಬಿಟ್ಟಿದೆ ಅಂದರೆ ಬೇರೆ ಮಾತು. ಆಗ ಅದರ ಕೆಳಗೆ ನಿಂತು ತೂತು ಕೊರೆಯೋಕೆ ಹೋಗಬೇಡಿ. ಸೌದೆ ಊರೆ ಕೊಡೋಕೂ ಹೋಗಬೇಡಿ. ಕೆಳಗಿನ ಮನೆಯವರನ್ನು ಎಬ್ಬಿಸಿ. ಗೋಡೆ ಮಗ್ಗುಲಿನ ಕೋಣೆಯಲ್ಲಿ ಮಲಗಿದವರು ಹೊರಗೆ ಬರಲಿ. ಹಸು ಬಿಚ್ಚಿ ಆಚೆ ಕಟ್ಟಿ. ಮೇಲಿನಿಂದ ಬರುವ ನೀರನ್ನು ದೂರದಲ್ಲೇ ಕಾಲುವೆ ತೋಡಿ ಬೇರೆ ಕಡೆ ತಿರುಗಿಸಿ. 112ಕ್ಕೆ ಫೋನ್ ಮಾಡಿ, ಪಂಚಾಯ್ತಿಯವರಿಗೆ ತಿಳಿಸಿ. ಮಳೆ ನಿಂತರೂ ಒಂದೆರಡು ದಿನ ಆ ಮಗ್ಗುಲು ಸುಳಿಯಬೇಡಿ. ಗೋಡೆ ಹೋದರೆ ಹೋಗಲಿ, ಇನ್ನೊಂದು ಕಟ್ಟಬಹುದು.

ನಮ್ಮ ಗೋಡೆ ಈಗ ಸೈಜು ಕಲ್ಲಿನದು. ಅದೇ ಮೇಸ್ತ್ರಿಯನ್ನು ಹುಡುಕಿ, ತಲೆ ತಗ್ಗಿಸಿ ನಿಂತು, ಮತ್ತೆ ಕಟ್ಟಿಸಿದೆ. ಎರಡು ಲೋಡು ಜಲ್ಲಿ, ಎಂಟು ಪೈಪು, ಬುಡಕ್ಕೆ ಚರಂಡಿ, ಅಲ್ಲಿಂದ ರಸ್ತೆ ಮೋರಿಗೆ. ದೊಡ್ಡವ್ವನ ಬಚ್ಚಲೂ ನನ್ನ ಖರ್ಚಿನಲ್ಲೇ ಎದ್ದಿತು, ಗೋಡೆಯಿಂದ ನಾಲ್ಕಡಿ ದೂರ.

ಈಗಲೂ ಮಳೆ ಬಂದರೆ ದೊಡ್ಡವ್ವ ಅಂಗಳದಿಂದ ಕೂಗ್ತಾರೆ. ಬೈಯೋಕಲ್ಲ. ‘ನಾಲ್ಕನೇ ಪೈಪಲ್ಲಿ ನೀರು ಬರ್ತಿಲ್ಲ ಕಣಪ್ಪ, ಕಂಬಿ ತಗಂಡ್ ಬಾ!’

ಕೊಡೆ ಹಿಡಿದು ಓಡ್ತೀನಿ.